ಬೈಗುಳದ ಹಾಜರಿ

"ಹಾಳಾಗ್ಹೋಗೇ ಮುಂಡೆ! ನಿನ್ನ ಬಕೆಟ್ಟಿಗಿಷ್ಟು ಬೆಂಕಿ ಹಾಕ!"

ಐದನೇ ಕೋಣೆಯಿಂದ ಬೈಗುಳ ಬಂದದ್ದೇ ತಡ, ಬಕೆಟ್ಟಕ್ಕ ನೆಮ್ಮದಿಯಿಂದ ಆರನೇ ಬಾಗಿಲಿಗೆ ಬಕೆಟ್ ಕುಟ್ಟಿದಳು. ಹುಡುಗಿಯರ ಹಾಸ್ಟೆಲಿನಲ್ಲಿ ನೆಲ ಒರೆಸಿ, ಕಕ್ಕಸು ತೊಳೆಯುವವಳು ಅವಳು. ಹೋದ ವರ್ಷ ಒಂದು ಕೋಣೆ ಮೂರು ದಿನ ಮುಚ್ಚಿಕೊಂಡಿತ್ತು, ಯಾರೂ ತಟ್ಟಲಿಲ್ಲ. ಆಮೇಲೆ ಆ ಕೋಣೆ ತೊಳೆದವಳು ಇವಳೇ. ಅಂದಿನಿಂದ ದಿನಾ ಬೆಳಿಗ್ಗೆ ಈ ಕುಟ್ಟಾಟ. ಒಳಗಿನಿಂದ ಬೈದರೆ ಮುಂದಿನ ಬಾಗಿಲಿಗೆ ಹೋಗುವುದು.

ಕಳೆದ ಸೋಮವಾರ ಏಳನೇ ಕೋಣೆ ಬೈಯಲಿಲ್ಲ. ಎರಡು ಸಲ ಕುಟ್ಟಿದಳು, ಮೂರನೇ ಸಲ ಹೆಗಲು ಕೊಟ್ಟು ಬಾಗಿಲು ಒಡೆದಳು. ಎಚ್ಚರ ತಪ್ಪಿ ಬಿದ್ದಿದ್ದ ಹುಡುಗಿಯನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದಳು. ಜೀವ ಉಳಿಯಿತು. ಮಾತ್ರೆ ತಪ್ಪಿಸಬಾರದು, ಒಂಟಿಯಾಗಿ ಬಿಡಬಾರದು, ಓದು ಮುಂದುವರಿಸಲಿ ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿ ಹಿಡಿದು ಹುಡುಗಿ ನಿನ್ನೆಯಷ್ಟೇ ಹಾಸ್ಟೆಲಿಗೆ ಮರಳಿದ್ದಳು.

"ಏಯ್, ಬಾಗಿಲು ಮುರುಕಿ! ಪ್ರಿನ್ಸಿಪಾಲರು ಕರೀತಿದಾರೆ. ಕಾಲು ಒರೆಸ್ಕೊಂಡು ಬಾ, ಗಬ್ಬು ನಾತ!" ವಾರ್ಡನ್ ಮೆಟ್ಟಿಲ ಕೆಳಗಿನಿಂದ ಕಿರುಚಿದಳು.

ಪ್ರಿನ್ಸಿಪಾಲರು ಒಂದು ಕಾಗದ ಮುಂದಕ್ಕೆ ತಳ್ಳಿದರು. "ಸೈನ್ ಹಾಕು."

"ಏನ್ ಬರೆದಿದೆ ಸ್ವಾಮಿ? ಓದಿ ಹೇಳಿ."

ಅವರು ಮುಖ ಸಿಂಡರಿಸಿಕೊಂಡು ಓದಿದರು: "ಏಳನೇ ಕೋಣೆಯ ವಿದ್ಯಾರ್ಥಿನಿಯು ಪ್ರತಿದಿನ ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸುತ್ತಿದ್ದು, ಈಕೆಯಿಂದ ಇತರರಿಗೆ ಅಪಾಯವಿರುತ್ತದೆ..."

ಅದು ಬಕೆಟ್ಟಕ್ಕನದೇ ಮಾತು. ಬಾಗಿಲು ಯಾಕೆ ಒಡೆದೆ ಎಂದು ವಾರ್ಡನ್ ಕೇಳಿದಾಗ, 'ದಿನಾ ಬಾಯ್ತುಂಬ ಬೈತಿದ್ಲು, ಅವತ್ತು ಬೈಲಿಲ್ಲ, ಅದಕ್ಕೇ ಹೆದ್ರಿ ಒಡೆದೆ' ಎಂದು ಪೆದ್ದಿಯ ಹಾಗೆ ಹೇಳಿಬಿಟ್ಟಿದ್ದಳು. ಈ ನೀಚರು ಮೊದಲರ್ಧ ಬರೆದುಕೊಂಡು ಉಳಿದರ್ಧ ನುಂಗಿದ್ದರು.

"ಅವಳು ಬೈದ್ರೆ ಜೀವ ಇದೆ ಅಂತ ನಂಗೆ ಸಮಾಧಾನ ಸ್ವಾಮಿ. ಅದನ್ನೂ ಬರೀರಿ."

"ತಲೆಹರಟೆ ಬೇಡ. ಇದು ಕಾಲೇಜು, ಹುಚ್ಚಾಸ್ಪತ್ರೆ ಅಲ್ಲ. ಸೈನ್ ಹಾಕಿದ್ರೆ ನಿನ್ನ ಕೆಲ್ಸ ಉಳಿಯತ್ತೆ. ಇಲ್ಲಾಂದ್ರೆ ಅವಳ ಜೊತೆ ನೀನೂ ಗಂಟುಮೂಟೆ ಕಟ್ಟು."

"ಓದ್ಲಿ ಅಂತ ಡಾಕ್ಟರು ಬರೆದುಕೊಟ್ಟಿದಾರಲ್ಲ?"

"ಡಾಕ್ಟರ್ ಬಂದು ಇಲ್ಲಿ ಕಾಯ್ತಾನೇನೇ?"

"ಇಷ್ಟ್ ದಿನ ಕಾದೋರು ಯಾರು? ನಿಮ್ಮಪ್ಪನಾ?"

ಬಕೆಟ್ಟಕ್ಕ ಕಾಗದವನ್ನು ಮುದುರಿ ಮೇಜಿನ ಮೇಲೆಸೆದು ಹೊರಗೆ ಬಂದಳು.

ಗೇಟಿನ ಬಳಿ ಹುಡುಗಿ ತನ್ನ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಸೈನಿಗೂ ಕಾಯದೆ ಆಚೆ ಹಾಕಿದ್ದರು.

"ಅಕ್ಕಾ, ಮನೇಲಿ ಮಾತ್ರೆ ಎಲ್ಲ ಬಿಸಾಕ್ತಾರೆ. ಮತ್ತೆ ಕೋಣೇಲಿ ಕೂಡಿ ಹಾಕ್ತಾರೆ."

"ಏಳು ಮಗಾ."

ಬಕೆಟ್ಟಕ್ಕ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಎರಡು ಮಹಡಿ ಹತ್ತಿದಳು. ಹುಡುಗಿಯನ್ನೂ ಪೆಟ್ಟಿಗೆಯನ್ನೂ ಏಳನೇ ಕೋಣೆಯೊಳಗೆ ಬಿಟ್ಟು, ಹೊಸ್ತಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತಳು. ವಾರ್ಡನ್ ಇಬ್ಬರು ಕಾವಲುಗಾರರನ್ನು ಕರೆದುಕೊಂಡು ಏದುಸಿರು ಬಿಡುತ್ತ ಬಂದಳು.

"ಎಳೆದು ಬಿಸಾಕ್ರೋ ಈ ಕೊಳಕು ಮುಂಡೇನ!"

"ಬನ್ರೋ," ಬಕೆಟ್ಟಕ್ಕ ಎರಡೂ ಕೈ ಮುಂದೆ ಚಾಚಿದಳು. "ಬೆಳಗಿನಿಂದ ಹನ್ನೆರಡು ಕಕ್ಕಸು ಉಜ್ಜಿದ ಕೈ. ಇನ್ನೂ ತೊಳೆದಿಲ್ಲ. ಹಿಡ್ಕೊಂಡು ಎಳೀರಿ, ನೋಡೇಬಿಡ್ತೀನಿ."

ಕಾವಲುಗಾರರು ಮುಖ ಮುಖ ನೋಡಿಕೊಂಡರು. ವಾರ್ಡನ್ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಪಡಸಾಲೆಯ ಉದ್ದಕ್ಕೂ ಬಾಗಿಲುಗಳು ತೆರೆದು ಹುಡುಗಿಯರು ಹೊರಗೆ ಬಂದು ನಿಂತರು.

ಬಕೆಟ್ಟಕ್ಕ ಚಾಚಿದ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.