ಹನ್ನೊಂದು ಚೀಟಿ

ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಸೂಪರ್‌ವೈಸರ್ ದೂರು ಪೆಟ್ಟಿಗೆಯ ಬೀಗ ತೆಗೆದಳು. ಹನ್ನೊಂದು ಜನ, ಹನ್ನೊಂದು ಚೀಟಿ. ಒಂದೊಂದೂ ಅಂಚಿಗೆ ಅಂಚು ಕೂಡುವಂತೆ ನಾಲ್ಕು ಮಡಿಕೆ. ಆಸ್ಪತ್ರೆಯ ಲಾಂಡ್ರಿಯವರಿಗೆ ಮಡಚುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹತ್ತು ಚೀಟಿ ಖಾಲಿ. ಹನ್ನೊಂದನೆಯದರಲ್ಲಿ 'ಎಲ್ಲಾ ಚೆನ್ನಾಗಿದೆ ಮೇಡಂ' ಎಂದಿತ್ತು.

ಒಂದು ವರ್ಷದ ಹಿಂದೆ ಇದೇ ಜನ ಅವಳನ್ನು ಅಕ್ಕಾ ಎನ್ನುತ್ತಿದ್ದರು. ಕೊರಳಿಗೆ ಸೂಪರ್‌ವೈಸರ್ ಕಾರ್ಡು ಬಿದ್ದ ಬೆಳಗ್ಗೆಯೇ ಅಕ್ಕ ಹೋಗಿ ಮೇಡಂ ಬಂದಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು. ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ದೊಡ್ಡ ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಂಬಿಯಿದೆ. ಬೆರಳು ತಾಗಿದರೆ ಯಂತ್ರ ನಿಲ್ಲಬೇಕು, ಅದಕ್ಕೇ ಇರುವುದು. ಆದರೆ ಬಟ್ಟೆಯ ಮುದ್ದೆ ತಾಗಿದರೂ ನಿಲ್ಲುತ್ತದೆ. ಮತ್ತೆ ಓಡಿಸಲು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಮ್ಯಾನೇಜರ್ ಗಡಿಯಾರ ನೋಡುತ್ತ ಬಂದು ನಿಂತಿರುತ್ತಾನೆ. ಅದಕ್ಕೆ ಹುಡುಗಿಯರು ಹರಿದ ಹಾಸಿನ ಪಟ್ಟಿಯಿಂದ ಕಂಬಿಯನ್ನು ಹಿಂದಕ್ಕೆ ಕಟ್ಟಿಬಿಡುತ್ತಾರೆ. ತುದಿ ಎಳೆದರೆ ಒಂದೇ ಏಟಿಗೆ ಬಿಚ್ಚುವ ಗಂಟು. ಮೇಲಿನವರು ಬಂದರೆ ಬಾಗಿಲ ಬಳಿಯವಳು ಕೆಮ್ಮುತ್ತಾಳೆ, ರೋಲರಿನವಳು ತುದಿ ಎಳೆಯುತ್ತಾಳೆ.

ಸೂಪರ್‌ವೈಸರ್ ಒಳಗೆ ಬಂದಾಗಲೆಲ್ಲ ಕಂಬಿಯ ಗಂಟು ಬಿಚ್ಚಿಯೇ ಇರುತ್ತಿತ್ತು. ಆದರೂ ಅವಳಿಗೆ ಗೊತ್ತಿತ್ತು. ಏಳು ವರ್ಷದ ಹಿಂದೆ ರೋಲರಿನ ಮುಂದೆ ನಿಂತು ಆ ಗಂಟು ಕಂಡುಹಿಡಿದವಳು ಅವಳೇ.

ಆಗ ಯಂತ್ರ ಮೆಲ್ಲಗೆ ಓಡುತ್ತಿತ್ತು. ಈ ವರ್ಷ ಮ್ಯಾನೇಜರ್ ವೇಗ ಏರಿಸಿದ. ಹೋದ ತಿಂಗಳು ಒಬ್ಬಳ ಎರಡು ಬೆರಳು ಹೋದವು. ಕೇಳಿದರೆ, "ಬಾಗಿಲಿಗೆ ಸಿಕ್ಕಿಕೊಂಡ್ತು ಮೇಡಂ" ಎಂದಳು. ಬಾಗಿಲಿಗೆ ಸಿಕ್ಕಿದ ಬೆರಳು ಬೇಯುವುದಿಲ್ಲ. ಈಗ ಅವಳ ಜಾಗದಲ್ಲಿ ಹೊಸಬಳೊಬ್ಬಳು ನಿಂತಿದ್ದಳು, ಮದುವೆಯಾಗಿ ಆರು ತಿಂಗಳಾದವಳು, ಕೈತುಂಬ ಬಳೆ.

"ವೇಗ ಇಳಿಸಿ ಸರ್" ಎಂದು ಸೂಪರ್‌ವೈಸರ್ ಮೂರು ಸಲ ಕೇಳಿದ್ದಳು. ಮೂರನೇ ಸಲ ಅವನು, "ಕೆಲಸ ಮಾಡೋರಿಗಿಲ್ದಿರೋ ಕಷ್ಟ ನಿಂಗೇನಮ್ಮಾ? ಅವರಲ್ಲಿ ಒಬ್ಬರು ಬರೆದುಕೊಡ್ಲಿ, ಅವತ್ತೇ ಇಳಿಸ್ತೀನಿ. ಶನಿವಾರದ ತನಕ ಟೈಮು" ಎಂದ.

ಶನಿವಾರ ಬಂದಿತ್ತು. ಚೀಟಿಗಳನ್ನು ಜೇಬಿಗೆ ತುರುಕಿಕೊಂಡು ಅವಳು ಕೊಳೆಬಟ್ಟೆ ಕೋಣೆಗೆ ಹೋದಳು.

ಅಲ್ಲಿ ಸೂಜಿ ಇದ್ದಳು, ಊಟಕ್ಕೆ ಹೋಗಿರಲಿಲ್ಲ. ಹರಿದ ಬಟ್ಟೆ ಹೊಲಿಯುವವಳಾದ್ದರಿಂದ ಆ ಹೆಸರು. ಸೂಪರ್‌ವೈಸರಳ ಹಳೇ ಗೆಳತಿ. ಈಗ ಮೊಣಕೈವರೆಗೆ ರಬ್ಬರ್ ಗವಸು ಹಾಕಿಕೊಂಡು ರಕ್ತದ ಬಟ್ಟೆ, ಕೀವಿನ ಬಟ್ಟೆ ಬೇರೆ ಮಾಡುತ್ತಿದ್ದಳು. ಅವಳನ್ನು ಇಲ್ಲಿಗೆ ತಂದದ್ದು ಇದೇ ಪೆಟ್ಟಿಗೆ. ಮೂರು ತಿಂಗಳ ಹಿಂದೆ, ಹೆಸರು ಬರೆಯಬೇಡಿ, ಧೈರ್ಯವಾಗಿ ಬರೆಯಿರಿ ಎಂದು ಸೂಪರ್‌ವೈಸರ್ ಅದನ್ನು ಇಟ್ಟಾಗ ಒಬ್ಬಳು ಮಾತ್ರ ಬರೆದಿದ್ದಳು: 'ಮ್ಯಾನೇಜರಿಗೆ ಎಣಿಕೆ ಬೇಕು, ಬೆರಳು ಬೇಡ.' ನಮ್ಮವರು ಮನಸ್ಸು ಬಿಚ್ಚಿದರಲ್ಲ ಎಂಬ ಹಿಗ್ಗಿನಲ್ಲಿ ಸೂಪರ್‌ವೈಸರ್ ಆ ಚೀಟಿಯನ್ನೇ ಒಯ್ದು ಮ್ಯಾನೇಜರ್ ಮೇಜಿನ ಮೇಲಿಟ್ಟಿದ್ದಳು. ಅಕ್ಷರಗಳು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿದ್ದವು. ಇಡೀ ಲಾಂಡ್ರಿಯಲ್ಲಿ ಆ ಸುಣ್ಣ ಇದ್ದದ್ದು ಒಬ್ಬಳ ಹತ್ತಿರ.

"ಏನ್ ಮೇಡಂನೋರು, ಈ ಕಡೆ? ಮೂಗು ಮುಚ್ಕೊಳ್ಳಿ."

"ಮೇಡಂ ಅನ್ಬೇಡ ಕಣೇ."

"ಮತ್ತೇನನ್ಲಿ?"

ಸೂಪರ್‌ವೈಸರ್ ಜೇಬಿಗೆ ಕೈ ಹಾಕಿದಳು. ಚೀಟಿಗಳನ್ನು ತೆಗೆದು ತೋರಿಸಿದಳು. "ಒಂದು ಸಾಲು ಸಾಕು. ಕಂಬಿ ಕಟ್ತಾರೆ, ವೇಗ ಜಾಸ್ತಿ ಅಂತ. ಆ ಹೊಸ ಹುಡುಗಿ ಕೈ ಉಳಿಯುತ್ತೆ. ನೀನಾದ್ರೂ ಬರ್ಕೊಡು."

ಸೂಜಿ ನಕ್ಕಳು. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಒಂದು ಸಲ ಒದೆಸ್ಕೊಂಡಿದೀನಿ. ಎದೆ ಇರೋದು ಒಂದೇ."

"ನಾನು ಬೇಕೂಂತ ಮಾಡ್ಲಿಲ್ಲ."

"ಗೊತ್ತು. ನೀನು ಕೇಳೋದೇನೋ ಚೆನ್ನಾಗಿ ಕೇಳ್ತೀಯ. ಹೇಳಿದ್ದನ್ನ ಹೊಟ್ಟೇಲಿ ಇಟ್ಕೊಳ್ಳೋಕೆ ಬರಲ್ಲ, ಅಷ್ಟೇ." ಒಂದು ಹಾಸನ್ನು ಕೊಡವಿ ಕೆಂಪು ಡಬ್ಬಿಗೆ ಎಸೆದಳು. "ಅಲ್ಲ, ಬೇರೆಯವರ ಕೈಲಿ ಯಾಕೆ ಬರೆಸ್ತೀಯ? ಆ ಗಂಟು ಯಾರದು ಅಂತ ನಿಂಗೊತ್ತಿಲ್ವಾ? ನೀನೇ ಹೇಳು. ಸರ್, ಕಟ್ಟೋದು ಕಲಿಸ್ದೋಳು ನಾನೇ, ಅದಕ್ಕೇ ಗೊತ್ತು ಅನ್ನು."

ಸೂಪರ್‌ವೈಸರಳ ಕೈ ಕೊರಳಿನ ಕಾರ್ಡಿಗೆ ಹೋಯಿತು. ಕಾರ್ಡು, ಕುರ್ಚಿ, ಮಗನ ಕಾಲೇಜು, ಎಲ್ಲ ಒಟ್ಟಿಗೆ ನೆನಪಾಯಿತು.

"ನೋಡ್ದ್ಯಾ?" ಎಂದಳು ಸೂಜಿ. ಕುಹಕವಿರಲಿಲ್ಲ. "ಅವರೂ ಹಾಗೇ."

ಮ್ಯಾನೇಜರ್ ತನ್ನ ಕೋಣೆಯಲ್ಲಿ ಹಲ್ಲುಕಡ್ಡಿ ಆಡಿಸುತ್ತ ಕೂತಿದ್ದ. "ಏನಮ್ಮಾ, ಬಂತಾ ಚೀಟಿ?"

"ಬಂತು ಸರ್."

"ಏನಂತಾರೆ?"

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡೇ ಬಂದಿದ್ದಳು. ಆ ಗಂಟು ನಂದು ಸರ್. ನಾಲ್ಕೇ ಪದ. ಅವನು ಕಡ್ಡಿ ಕೆಳಗಿಟ್ಟು ಅವಳ ಮುಖ ನೋಡಿದ. ಈ ನೋಟ ಅವಳಿಗೆ ಗೊತ್ತಿತ್ತು. ನೀಲಿ ಸುಣ್ಣದ ಚೀಟಿಯನ್ನು ಅವನು ನೋಡಿದ್ದು ಹೀಗೆಯೇ.

"ಎಲ್ಲಾ ಚೆನ್ನಾಗಿದೆಯಂತೆ ಸರ್."

"ನಾನು ಹೇಳ್ಲಿಲ್ವಾ?" ಎಂದು ಅವನು ಮತ್ತೆ ಕಡ್ಡಿ ಎತ್ತಿಕೊಂಡ.

ಊಟ ಮುಗಿದು ರೋಲರ್ ಶುರುವಾಗಿತ್ತು. ಓಣಿಯಲ್ಲಿ ನಡೆದು ಬರುವಾಗಲೇ ಅದರ ಸದ್ದು, ಹೊಸಬಳ ಬಳೆ ಸದ್ದು ಎರಡೂ ಕೇಳಿಸುತ್ತಿದ್ದವು. ಬಾಗಿಲ ಬಳಿ ಕೂರುವವಳು ಇನ್ನೂ ಕೈ ತೊಳೆದು ಬಂದಿರಲಿಲ್ಲ, ಸ್ಟೂಲು ಖಾಲಿ. ಇವತ್ತು ಕೆಮ್ಮುವವರು ಯಾರೂ ಇರಲಿಲ್ಲ. ಹಾಗೇ ಒಳಗೆ ಕಾಲಿಟ್ಟರೆ ಕಟ್ಟಿದ ಕಂಬಿ ಕಣ್ಣಿಗೆ ಬೀಳುತ್ತದೆ. ಕಂಡ ಮೇಲೆ ಕಂಡಿಲ್ಲ ಎನ್ನುವಂತಿಲ್ಲ.

ಸೂಪರ್‌ವೈಸರ್ ಹೊಸ್ತಿಲ ಈಚೆಗೇ ನಿಂತಳು. ಎರಡು ಸಲ ಗಟ್ಟಿಯಾಗಿ ಕೆಮ್ಮಿದಳು. ತುದಿ ಎಳೆಯಲು ಬೇಕಾಗುವಷ್ಟು ಹೊತ್ತು ಕಾದು, ಆಮೇಲೆ ಒಳಗೆ ಹೋದಳು.