ಫಕೀರಪ್ಪ ಓದದ ಪುಸ್ತಕ

ನಾನು ನಲವತ್ತೆಂಟು ಪುಟದ ಒಂದು ಪುಸ್ತಕ. ಗದಗಿನ ಸಂದಿಯೊಂದರ ಸಣ್ಣ ಪ್ರೆಸ್ಸಿನಲ್ಲಿ ಒಂದೇ ದಿನ ನಾವು ಐನೂರು ಪ್ರತಿಗಳು ಹುಟ್ಟಿದೆವು. ತೆಳು ಕಾಗದ, ಅಗ್ಗದ ಮಸಿ, ಇರುವೆ ಸಾಲಿನಂಥ ಅಕ್ಷರ. ವಾಹನ ಕಲಿಯುವವರು ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ತೆಗೆಸಬೇಕು. ಅದಕ್ಕಾಗಿ ಕಂಪ್ಯೂಟರಿನ ಎದುರು ಕೂತು ಹದಿನೈದು ಪ್ರಶ್ನೆಗೆ ಉತ್ತರ ಒತ್ತಬೇಕು. ಆ ಪ್ರಶ್ನೆಗಳು, ರಸ್ತೆಯ ಚಿಹ್ನೆಗಳು ಎಲ್ಲ ನನ್ನ ಹೊಟ್ಟೆಯಲ್ಲಿವೆ.

ನನ್ನನ್ನು ಮೊದಲು ಕೊಂಡವಳು ಲಕ್ಷ್ಮೇಶ್ವರದ ಕಾಲೇಜು ಹುಡುಗಿ ತಬಸ್ಸುಮ್. ಮೂರು ದಿನ ಓದಿದಳು, ಒಂದು ಪುಟಕ್ಕೆ ಚಹಾ ಚೆಲ್ಲಿದಳು, ಪಾಸಾದಳು. ಅವತ್ತು ಸಂಜೆಯೇ ಕಂಪೌಂಡಿನ ಮೇಲಿಂದ ನನ್ನನ್ನು ಪಕ್ಕದ ಮನೆಯ ದ್ಯಾಮವ್ವನ ಕೈಗಿತ್ತಳು.

"ಕಾಕಾರಿಗೆ ಕೊಡ್ರಿ ಕಾಕೂ. ಮೂರು ದಿನ ಓದಿದ್ರ ಸಾಕು."

ಆ ಮಾತನ್ನು ನಾನೂ ನಂಬಿದೆ. ಅಲ್ಲಿಂದ ಶುರುವಾಯಿತು ನನ್ನ ಪಾಡು.

ದ್ಯಾಮವ್ವನ ಗಂಡ ಫಕೀರಪ್ಪ ಹಾಲಿನ ಡೈರಿಯ ವ್ಯಾನು ಓಡಿಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಂದು ನಾಯಿಗೂ ತಾಗಿಸಿದವನಲ್ಲ. ಆದರೆ ಲೈಸೆನ್ಸ್ ಇರಲಿಲ್ಲ. ಕೇಳಿದವರಿಗೆಲ್ಲ "ಮಾಡಸ್ತೀನಿ ತಗೋರಿ" ಎನ್ನುತ್ತಲೇ ಕಾಲ ತಳ್ಳಿದ್ದ. ಡೈರಿಗೆ ಹೊಸದಾಗಿ ಬಂದ ಮ್ಯಾನೇಜರ್ ವ್ಯಾನಿನ ಚಾವಿ ಇಸಿದುಕೊಂಡರು. "ಲೈಸೆನ್ಸ್ ತಂದ ದಿನ ತಗೊಂಡ್ ಹೋಗು" ಎಂದು ಅವನನ್ನು ಕ್ಯಾನ್ ತೊಳೆಯಲು ಹಚ್ಚಿದರು. ಐವತ್ತರ ಹತ್ತಿರದ ಮನುಷ್ಯ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಿರುವಾಗ, ಬೇರೆ ಯಾರೋ ಅವನ ವ್ಯಾನಿನ ಗೇರನ್ನು ಕರಕರ ಅನ್ನಿಸುತ್ತ ಹೊರಗೆ ಹೋಗುತ್ತಿದ್ದರು. ಆ ಸದ್ದು ತನ್ನ ಹಲ್ಲಿಗೇ ತಾಗುತ್ತದೆ ಎಂದು ಅವನು ಹೆಂಡತಿಗೆ ಹೇಳುತ್ತಿದ್ದ.

ಇಷ್ಟಾದರೂ ನನ್ನನ್ನು ಓದಬೇಕಲ್ಲ? ಮಧ್ಯಾಹ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ನನ್ನನ್ನು ತೆರೆಯುತ್ತಿದ್ದ, ಎರಡು ಪುಟ ಮಗುಚುತ್ತಿದ್ದ, "ಇದೆಲ್ಲಾ ನಂಗ ಗೊತ್ತಿದ್ದದ್ದ" ಎಂದು ಬದಿಗಿಡುತ್ತಿದ್ದ. ಕೊನೆಗೆ ದ್ಯಾಮವ್ವ ಶೇಂಗಾ ಸುಲಿಯುತ್ತ ತಾನೇ ಓದಿ ಹೇಳಲು ಕೂತಳು.

"ಸಣ್ಣ ಸೇತುವಿ ಐತಿ. ಎದುರಿಗೆ ಒಂದು ಗಾಡಿ ಬರಾಕತ್ತೇತಿ. ಏನ್ ಮಾಡ್ತೀರಿ?"

"ಯಾವ ಗಾಡಿ? ಬಸ್ಸೋ, ಟಂಟಂ ಆಟೋನೋ?"

"ಯಾವುದರ ಆಗಲಿ!"

"ಹಂಗ ಹೆಂಗ? ಬಸ್ಸಾದ್ರ ನಾ ನಿಲ್ತೀನಿ. ಟಂಟಂ ಆದ್ರ ಅವ ನಿಲ್ತಾನ."

"ಕಂಪ್ಯೂಟರಿಗೆ ನಿಮ್ಮ ಟಂಟಂ ಗೊತ್ತಿಲ್ರೀ! ನಿಲ್ಲಬೇಕು ಅಂತ ಐತಿ, ನಿಲ್ರಿ!"

ಒಂದು ಪ್ರಶ್ನೆಗೆ ಅರ್ಧ ತಾಸು. ಹೀಗೆ ಎರಡು ತಿಂಗಳು. ಆದರೂ ಅವಳು ಬಿಡಲಿಲ್ಲ. ಅವಳು ಓದಿದರೆ ಸಾಕು, ಅವನು ಪಟಪಟನೆ ಉತ್ತರ ಹೇಳುವ ಮಟ್ಟಕ್ಕೆ ಬಂದ.

ಗದಗಿನ ಆರ್‌ಟಿಒ ಕಚೇರಿಗೆ ಹೋಗಿ ಪರೀಕ್ಷೆಗೆ ಕೂತ. ಒಂಬತ್ತು ಸರಿಯಾಗಬೇಕಿತ್ತು, ಆರು ಬಂತು. ಮತ್ತೊಂದು ಸಲ ಹೋದರೆ ಸರ್ವರ್ ಇಲ್ಲ ಎಂದು ವಾಪಸು ಕಳಿಸಿದರು. ಅದರ ಮುಂದಿನ ಸಲ ಏಳು ಬಂತು. ಹೊರಗೆ ಬಂದವನು ನನ್ನನ್ನು ಸುರುಳಿ ಸುತ್ತಿ ತೊಡೆಗೆ ಬಡಿದುಕೊಂಡ.

"ಆ ಕಂಪ್ಯೂಟರ್ ಸರಿ ಇಲ್ಲ!"

ಕಂಪ್ಯೂಟರ್ ಸರಿಯಾಗಿಯೇ ಇತ್ತು. ಸರಿ ಇಲ್ಲದ್ದು ಏನೆಂದು ನನಗೆ ಗೊತ್ತಿತ್ತು. ಓದುವ ಕಣ್ಣು ಯಾವುದು, ಓದದ ಕಣ್ಣು ಯಾವುದು ಎಂಬುದು ಪುಸ್ತಕಕ್ಕೆ ತಿಳಿಯದೆ ಇರುತ್ತದೆಯೇ? ಅವನು ನನ್ನನ್ನು ತೋಳುದ್ದ ದೂರ ಹಿಡಿಯುತ್ತಿದ್ದ, ಬಿಸಿಲಿಗೆ ತಿರುಗಿಸುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ. ಅವನ ನೋಟ ನನ್ನ ಒಂದು ಅಕ್ಷರಕ್ಕೂ ಅಂಟುತ್ತಿರಲಿಲ್ಲ. ನನಗೆ ಬಾಯಿದ್ದಿದ್ದರೆ ಆ ಕಟ್ಟೆಯ ಮೇಲಿಂದಲೇ ಕೂಗಿ ಓಣಿಗೆಲ್ಲ ಹೇಳುತ್ತಿದ್ದೆ.

ಎರಡನೆಯ ಸಲ ಫೇಲಾದ ಮರುದಿನ ದ್ಯಾಮವ್ವ ದಣಿದಿದ್ದಳು. "ಇವತ್ತ ನೀವ ಓದ್ರಿ. ನಾ ಕೇಳ್ತೀನಿ" ಎಂದಳು.

ಅವನು ನನ್ನನ್ನು ನಡುವೆ ತೆರೆದು, ಸಾಲಿನ ಮೇಲೆ ಬೆರಳಾಡಿಸುತ್ತ ಆಂಬುಲೆನ್ಸ್ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ತಡವರಿಸದೆ ಹೇಳಿದ. ದ್ಯಾಮವ್ವ ಬಗ್ಗಿ ನೋಡಿದಳು. ಆ ಪುಟದಲ್ಲಿ ಪ್ರಶ್ನೆಗಳೇ ಇರಲಿಲ್ಲ. ಬರೀ ಚಿಹ್ನೆಗಳಿದ್ದವು. ಅವನ ಬೆರಳು ರೈಲ್ವೆ ಗೇಟಿನ ಚಿತ್ರದ ಮೇಲಿತ್ತು.

"ರೀ, ಕಣ್ಣು ಕಾಣವಲ್ವೇನು?"

ಅವನು ಚಿತ್ರದ ಮೇಲಿಂದ ಬೆರಳು ಹಿಂದಕ್ಕೆಳೆದುಕೊಂಡ.

"ದೂರದ್ದು ಚಲೋ ಕಾಣತೈತಿ. ಕೈಯಾಗಿಂದು ಕಾಣವಲ್ದು. ಮೂರು ವರ್ಷ ಆತು."

"ಯಾಕ ಹೇಳಲಿಲ್ಲ?"

"ಕಣ್ಣು ಹೋಗ್ಯಾವ ಅಂತ ಗೊತ್ತಾದ್ರ ಲೈಸೆನ್ಸ್ ಯಾರು ಕೊಡ್ತಾರ? ಸಾಯೂತನಾ ಕ್ಯಾನ್ ತೊಳೀಬೇಕಾಕತಿ."

ದ್ಯಾಮವ್ವ ನನ್ನನ್ನು ಕಸಿದು ಶೇಂಗಾ ಸಿಪ್ಪೆಯ ರಾಶಿಗೆ ಎಸೆದಳು. "ಎರಡು ತಿಂಗಳು ಗಂಟಲು ಹರಕೊಂಡು ಓದೀನಿ! ಒಂದು ಮಾತು ಹೇಳಾಕ ಬಾಯಿರಲಿಲ್ಲೇನು ನಿಮಗ?" ಎನ್ನುತ್ತ ಕಣ್ಣೊರೆಸಿಕೊಂಡಳು. ನಾನು ಸಿಪ್ಪೆಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದೆ. ಬಿದ್ದಲ್ಲಿಂದಲೇ, ಅವಳು ಹೇಳಿದ್ದು ಸರಿ ಎನ್ನಿಸಿತು.

ಮರುದಿನ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದರು. ನನ್ನನ್ನೂ ಒಯ್ದರು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ದೂರದ ನೋಟ ಚಲೋ ಐತಿ. ವಯಸ್ಸಿಗೆ ಬರೂ ಚಾಳೀಸು ಇದು. ಲೈಸೆನ್ಸಿಗೇನೂ ಅಡ್ಡಿ ಇಲ್ಲ" ಎಂದರು. ಮೂರು ವರ್ಷದ ಭಯ ಮೂರು ನಿಮಿಷದಲ್ಲಿ ಮುಗಿಯಿತು. ಫಕೀರಪ್ಪನ ಮುಖ ನೋಡಿ ನನಗೆ ನಗುವುದೋ ಸಿಟ್ಟಾಗುವುದೋ ತಿಳಿಯಲಿಲ್ಲ.

ಮೂರನೆಯ ಸಲ ಪರೀಕ್ಷೆಗೆ ಅವನು ಕನ್ನಡಕ ಹಾಕಿಕೊಂಡು ಒಳಗೆ ಹೋದ. ನಾನು ಹೊರಗಿನ ಬೆಂಚಿನಲ್ಲಿ ದ್ಯಾಮವ್ವನ ಚೀಲದಲ್ಲಿದ್ದೆ. ಅವಳ ಕೈ ಚೀಲದ ಮೇಲಿಂದಲೇ ನನ್ನನ್ನು ಅದುಮಿ ಹಿಡಿದಿತ್ತು.

"ಹನ್ನೆರಡು" ಎಂದು ಹೊರಗೆ ಬಂದ.

"ಸೇತುವಿ ಬಂದಿತ್ತೇನ್ರಿ?"

"ಬಂದಿತ್ತು."

"ಏನ್ ಒತ್ತಿದ್ರಿ?"

"ನಿಂತೆ ಮಾರಾಯ್ತಿ, ನಿಂತೆ! ಟಂಟಂ ಇರಬಹುದು ಅಂತ ಗೊತ್ತಿದ್ದೂ ನಿಂತೆ!"

ಮುಂದೆ ವ್ಯಾನು ಓಡಿಸಿ ತೋರಿಸುವ ಪರೀಕ್ಷೆ ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಲೈಸೆನ್ಸ್ ಬಂತು, ಮ್ಯಾನೇಜರ್ ಚಾವಿ ಕೊಟ್ಟರು.

ನನ್ನ ಕೆಲಸ ಮುಗಿಯಿತು, ಇನ್ನು ರದ್ದಿಯ ಪಾಲು ಎಂದುಕೊಂಡೆ. ಆದರೆ ಒಂದು ರಜೆಯ ದಿನ ಫಕೀರಪ್ಪ ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ನನ್ನನ್ನು ಮೊದಲ ಪುಟದಿಂದ ತೆರೆದ. ತುಟಿ ಅಲ್ಲಾಡಿಸುತ್ತ ಒಂದೊಂದೇ ಸಾಲು ಓದಿದ.

"ಪರೀಕ್ಷೆ ಮುಗದೈತಿ, ಇನ್ನೇನು ಓದ್ತೀರಿ?" ಎಂದಳು ದ್ಯಾಮವ್ವ.

"ಏನ್ ಬರದಾರ ಅಂತ ನೋಡಾಕತ್ತೀನಿ."

ಮೂವತ್ತೊಂದನೆಯ ಪುಟದಲ್ಲಿ ನಿಂತ. "ಏ, ಇಲ್ಲಿ ಬಾ. ಇದರಾಗ ತಪ್ಪೈತಿ."

"ಸಾಕ್ರೀ! ಕೈ ಮುಗೀತೀನಿ!" ಎಂದು ಅವಳು ಒಳಗೆ ಹೋದಳು.

ತಪ್ಪಿತ್ತು. ಬಲಕ್ಕೂ ಎಡಕ್ಕೂ ತಿರುಗಬಾರದೆನ್ನುವ ಎರಡು ಚಿಹ್ನೆಗಳ ಕೆಳಗೂ ಪ್ರೆಸ್ಸಿನವರು 'ಎಡ ತಿರುವು ನಿಷೇಧ' ಎಂದೇ ಅಚ್ಚು ಹಾಕಿದ್ದರು. ನನ್ನನ್ನು ಹಿಡಿದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಫಕೀರಪ್ಪ ಪೆನ್ನು ಹುಡುಕಿ ತಂದು ಬಲದ ಚಿಹ್ನೆಯ ಕೆಳಗಿನ 'ಎಡ' ಎಂಬುದನ್ನು ಹೊಡೆದು, ಮೇಲೆ ಸೊಟ್ಟಗೆ 'ಬಲ' ಎಂದು ಬರೆದ.

ಈಗ ನನ್ನ ರಕ್ಷಾಪುಟ ಹರಿದಿದೆ, ಪಿನ್ನಿಗೆ ತುಕ್ಕು ಹಿಡಿದಿದೆ. ಗೋಡೆಯ ಗೂಡಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಮಲಗಿದ್ದೇನೆ. ಉಳಿದ ನಾನೂರ ತೊಂಬತ್ತೊಂಬತ್ತು ಪ್ರತಿಗಳು ಎಲ್ಲಿವೆಯೋ, ಯಾರನ್ನು ದಾರಿ ತಪ್ಪಿಸುತ್ತಿವೆಯೋ ತಿಳಿಯದು. ನಾನಂತೂ ಸರಿಯಾಗಿದ್ದೇನೆ.