ಅಕ್ಕ ಕರಿದ ಮಿರ್ಚಿ

ಪ್ರಭುಲಿಂಗನ ಹೊಟ್ಟೆ ಅವನಿಗಿಂತ ಮೊದಲು ಅಂಗಡಿಗೆ ಬರುತ್ತದೆ ಎಂದು ಬ್ರೂಸ್‌ಪೇಟೆಯ ಜನ ಆಡಿಕೊಳ್ಳುತ್ತಿದ್ದರು. ಅವನೂ ಅವರ ಜೊತೆ ಸೇರಿ ನಗುತ್ತಿದ್ದ. ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ ಅವನದು. ಊರಿನವರ ಸೊಂಟದ ಸುತ್ತಳತೆಯೆಲ್ಲ ಅವನ ಬಾಯಲ್ಲಿತ್ತು. ತನ್ನ ಸೊಂಟದ ವಿಚಾರಕ್ಕೆ ಮಾತ್ರ ಅವನು ಹೋಗುತ್ತಿರಲಿಲ್ಲ. ಸಂಜೆಯಾದರೆ ಮಿರ್ಚಿ, ಮಂಡಕ್ಕಿ ಒಗ್ಗರಣೆ, ಮೇಲೊಂದು ಖಡಕ್ ಚಹಾ. ಅದರಲ್ಲೇನು ತಪ್ಪು? ಬಳ್ಳಾರಿಯಲ್ಲಿ ಸಂಜೆಗೆ ಮಿರ್ಚಿ ತಿನ್ನದವನಿದ್ದರೆ ಅವನಿಗೆ ಜ್ವರ ಬಂದಿರಬೇಕು, ಇಲ್ಲವೇ ಅವನು ಪರ ಊರಿನವನಾಗಿರಬೇಕು.

ಹೀಗೆ ತಿಂದುಂಡು ನಲವತ್ನಾಲ್ಕು ವರ್ಷ ಸುಖವಾಗಿದ್ದವನಿಗೆ ತೂಕದ ಚಿಂತೆ ಹಚ್ಚಿದ್ದು ಅವನ ಅಕ್ಕ ಚನ್ನಬಸಮ್ಮನ ಕಾಯಿಲೆ. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಗಂಡ ತಿಪ್ಪೇರುದ್ರಪ್ಪ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಮಕ್ಕಳಿಲ್ಲ. ತಾಯಿ ತೀರಿಕೊಂಡ ಮೇಲೆ ಪ್ರಭುಲಿಂಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ ಆದ್ದರಿಂದ, ಮಕ್ಕಳಿಲ್ಲ ಎಂದು ಅವಳೇನೂ ಕೊರಗಿದವಳಲ್ಲ. ಅಂಥವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಬಳ್ಳಾರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗಬೇಕು. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಉಳಿದಾಳು ಎಂದರು. ಗಂಡನಿಗೆ ಸಕ್ಕರೆ ಕಾಯಿಲೆ, ಅವನದು ಬರುವುದಿಲ್ಲ. ಕೊನೆಗೆ ತಮ್ಮನ ರಕ್ತ ಪರೀಕ್ಷೆ ಮಾಡಿದರು. ಎಲ್ಲ ಹೊಂದಿತು.

“ಎಲ್ಲ ಸರಿ ಇದೆ. ಆದ್ರೆ ಈ ಮೈ ಇಟ್ಕೊಂಡು ಬಂದ್ರೆ ನಾನು ಆಪರೇಷನ್ ಮಾಡೋದಿಲ್ಲ,” ಅಂದರು ಬೆಂಗಳೂರಿನ ಡಾಕ್ಟರು. “ಹದಿನೈದು ಕೆಜಿ ಇಳಿಸ್ಕೊಂಡು ಬನ್ನಿ. ಬೇಗ ಬನ್ನಿ. ನಿಮ್ಮ ಅಕ್ಕನ ಹಾರ್ಟ್ ಬಹಳ ದಿನ ಕಾಯೋ ಹಂಗಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರವೇ ಏನು ತಿನ್ನಬೇಕು, ಏನು ಬಿಡಬೇಕು ಎಂದು ಕೇಳುತ್ತಿದ್ದರು. ನಮ್ಮ ಪ್ರಭುಲಿಂಗ ಕುರುಗೋಡಿಗೆ ಹೋದ. ಅದು ಅವನು ಹುಟ್ಟಿದ ಊರು. ಅಲ್ಲಿಯ ಕಲ್ಲಿನ ನಂದಿ ದೊಡ್ಡಬಸವಣ್ಣನ ಮುಂದೆ ಕೈಮುಗಿದು ನಿಂತ. ಅಷ್ಟು ದೊಡ್ಡ ಬಸವಣ್ಣನ ಮುಂದೆ ಸಣ್ಣ ಮಾತಾಡಲು ನಾಚಿಕೆಯಾಯಿತೋ ಏನೋ, ದೊಡ್ಡ ಮಾತನ್ನೇ ಆಡಿಬಿಟ್ಟ. ಅಕ್ಕನ ಆಪರೇಷನ್ ಆಗುವವರೆಗೆ ಕರಿದದ್ದು ಮುಟ್ಟುವುದಿಲ್ಲ, ಸಿಹಿ ಮುಟ್ಟುವುದಿಲ್ಲ, ದಿನಾ ಒಪ್ಪತ್ತು.

ನಮ್ಮ ಕಡೆ ಒಪ್ಪತ್ತು ಎಂದರೆ ಒಂದು ಹೊತ್ತು ಊಟ, ಇನ್ನೊಂದು ಹೊತ್ತು ಫಲಾಹಾರ. ಆ ಫಲಾಹಾರದಲ್ಲಿ ಹಣ್ಣೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಸಾಬೂದಾನಿ ಬರುತ್ತದೆ, ಅವಲಕ್ಕಿ ಬರುತ್ತದೆ, ಹುರಿದ ಶೇಂಗಾ ಬೊಗಸೆಗಟ್ಟಲೆ ಬರುತ್ತದೆ. ಉಪವಾಸದ ಹೆಸರಿನಲ್ಲಿ ಊಟಕ್ಕಿಂತ ಹೆಚ್ಚು ತಿನ್ನುವ ವಿದ್ಯೆಯನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೊದಮೊದಲು ಸ್ವಲ್ಪ ತೂಕ ಇಳಿಯಿತು. ಅದರ ಜೊತೆಗೆ ಮನೆಯ ನೆಮ್ಮದಿಯೂ ಇಳಿಯಿತು. ಹೆಂಡತಿ ಅಕ್ಷತಾ ನೀರು ಕೊಡಲು ತಡಮಾಡಿದರೆ ರೇಗುವನು, ಗಿರಾಕಿ ಒಂದು ಗುಂಡಿಯ ಬಣ್ಣ ಬದಲಿಸಿ ಕೇಳಿದರೆ ರೇಗುವನು. ರಸ್ತೆಯಲ್ಲಿ ಎಣ್ಣೆ ಕಾದ ವಾಸನೆ ಬಂದರೆ ಮುಖ ಆ ಕಡೆ ತಿರುಗಿಸಿ ನಿಟ್ಟುಸಿರು ಬಿಡುವನು.

ಒಂದು ಸಂಜೆ ಗಾಂಧಿನಗರದಲ್ಲಿ ಬಾಕಿ ಮಾಲು ಮುಟ್ಟಿಸಿ ಬರುವಾಗ ಮರಿಬಸಪ್ಪನ ಬಂಡಿ ಅಡ್ಡ ಸಿಕ್ಕಿತು. ಮಿರ್ಚಿ ಆಗತಾನೆ ಬಾಣಲೆಯಿಂದ ಮೇಲೆದ್ದಿದ್ದವು.

“ಏನ್ ಸಾವ್ಕಾರ್ರ, ಕಾಣ್ಸಾಂಗಿಲ್ಲ! ನನ್ನ ಮ್ಯಾಲೆ ಸಿಟ್ಟೇನ್ರಿ?” ಎಂದ ಮರಿಬಸಪ್ಪ.

ಸಿಟ್ಟಿಲ್ಲ ಎಂದು ತೋರಿಸಲು ಪ್ರಭುಲಿಂಗ ಒಂದನ್ನು ತಿಂದ. ತಿಂದ ಮೇಲೆ ಹೊಳೆಯಿತು, ಹರಕೆ ಮುರಿಯಿತಲ್ಲ ಎಂದು. ಮುರಿದ ಹರಕೆ ಒಂದು ಮಿರ್ಚಿಗೂ ಮುರಿದದ್ದೇ, ಹತ್ತಕ್ಕೂ ಮುರಿದದ್ದೇ. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಪ್ಲೇಟು ಖಾಲಿಯಾಯಿತು, ಮತ್ತೊಂದು ಬಂತು. ಅಲ್ಲಿಂದ ಎದ್ದವನು ಗೋಬಿ ಮಂಚೂರಿ ಬಂಡಿಗೆ ಹೋದ. ಅಲ್ಲಿಂದ ಬೇಕರಿಗೆ ಹೋದ. ಆ ವಾರವೆಲ್ಲ ಹಾಗೇ ನಡೆಯಿತು. ಇಳಿದ ತೂಕ ಬಡ್ಡಿ ಸಮೇತ ವಾಪಸ್ಸು ಬಂತು. ತಿನ್ನುವಾಗ ಅಕ್ಕನ ನೆನಪಾದರೆ ಅಳು ಬರುತ್ತಿತ್ತು; ಅಳು ಬಂದರೆ ಇನ್ನೊಂದು ತಿನ್ನುತ್ತಿದ್ದ.

ಅಕ್ಷತಾ ಗಟ್ಟಿಗಿತ್ತಿ. ಗಂಡನ ಕೈಹಿಡಿದು ಗಾಂಧಿನಗರದಲ್ಲೇ ಇದ್ದ ಡಯಟಿಷಿಯನ್ ಚೈತ್ರಾ ಹತ್ತಿರ ಕರೆದುಕೊಂಡು ಹೋದಳು. ಹುಡುಗಿಗೆ ಇನ್ನೂ ಮೂವತ್ತಾಗಿಲ್ಲ. ಇವನ ಕಥೆಯನ್ನು ಪೂರ್ತಿ ಕೇಳಿದಳು.

“ಮಿರ್ಚಿ ಬಿಡ್ರಿ ಅಂತ ನಿಮಗ್ಯಾರು ಹೇಳಿದ್ರು ಸರ್?”

“ಯಾರೂ ಹೇಳಿಲ್ರಿ. ನಾನ ಬಸವಣ್ಣಗ ಹೇಳೀನಿ.”

“ಬಸವಣ್ಣ ಕೇಳಿದ್ನೇನ್ರಿ?”

ಅಕ್ಷತಾ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ಚೈತ್ರಾ ಮಾತ್ರ ನಗಲಿಲ್ಲ. “ನೋಡ್ರಿ ಸರ್, ಒಂದು ಮಿರ್ಚಿ ತಿಂದ್ರ ನಿಮ್ಮ ಮೈ ಏನೂ ಕೆಡಂಗಿಲ್ಲ. ಒಂದು ತಿಂದು, ಹೆಂಗೂ ಕೆಟ್ಟೀನಿ ಅಂತ ಹತ್ತು ತಿಂತೀರಲ್ಲ, ಅದು ಕೆಡಸ್ತೈತಿ. ಎರಡೂ ಹೊತ್ತು ಉಣ್ರಿ. ರೊಟ್ಟಿ, ಪಲ್ಯ, ಕಾಳು ಹೊಟ್ಟಿ ತುಂಬ ತಿನ್ರಿ, ಅನ್ನ ಸ್ವಲ್ಪ ಕಡಿಮಿ ಮಾಡ್ರಿ. ದಿನಾ ನಡೀರಿ. ವಾರಕ್ಕೆರಡು ಸಂಜಿ ಒಂದೊಂದು ಮಿರ್ಚಿ ತಗೊಂಡು, ಮನ್ಯಾಗ ಕುಂತು, ತಾಟಿನಾಗ ಹಾಕ್ಕೊಂಡು ತಿನ್ರಿ. ಕದ್ದು ತಿನ್ನಬ್ಯಾಡ್ರಿ, ನಿಂತು ತಿನ್ನಬ್ಯಾಡ್ರಿ.”

“ಒಂದ ತಿಂದು ಏಳೋದು ಆಗ್ತೈತೇನ್ರಿ ಮನುಷ್ಯಾಗ?”

“ಅದನ್ನ ಕಲಿಬೇಕ್ರಿ.”

ಹರಕೆಯ ಭಯ ಉಳಿದೇ ಇತ್ತು. ಮತ್ತೆ ಕುರುಗೋಡಿಗೆ ಹೋಗಿ ಪೂಜಾರಿ ಹಂಪಯ್ಯನ ಮುಂದೆ ತಪ್ಪೊಪ್ಪಿಕೊಂಡ. ಹಂಪಯ್ಯ ಇವನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲ ಮುದುಕ. “ಹುಲ್ಲು ತಿನ್ನೋ ದೇವ್ರು ಅಂವ. ನಿನ್ನ ಮಿರ್ಚಿ ಉಸಾಬರಿ ಅಂವಗ್ಯಾಕೋ ಹುಚ್ಚಪ್ಪಾ? ಕಾಯಿ ಒಡಿಸಿ ಹೋಗು,” ಎಂದ. ಕಾಯಿ ಒಡೆಸಿ ಬಂದ.

ಒಂದು ಮಿರ್ಚಿ ತಿಂದು ಏಳುವುದಕ್ಕಿಂತ ಹರಕೆಯೇ ಸುಲಭವಿತ್ತು ಎಂದು ಅವನಿಗೆ ಮೊದಲ ವಾರವೇ ಗೊತ್ತಾಯಿತು. ಪೂರ್ತಿ ಬಿಟ್ಟವನಿಗೆ ಒಂದು ಮರ್ಯಾದೆಯಿದೆ, ನಾಲ್ಕು ಜನ ಭೇಷ್ ಅನ್ನುತ್ತಾರೆ. ಒಂದು ತಿಂದು ಕೈತೊಳೆಯುವವನನ್ನು ಯಾರು ಕೇಳುತ್ತಾರೆ? ಆದರೂ ಕಲಿತ. ಮೊದಲು ಮೆಣಸಿನಕಾಯಿಯ ತುದಿ, ಆಮೇಲೆ ನಡುಭಾಗ, ಕೊನೆಗೆ ತೊಟ್ಟಿನ ಕಡೆಯ ಗರಿಗರಿ ಹಿಟ್ಟು. ಅರ್ಧ ಗಂಟೆ ತಿನ್ನುತ್ತಿದ್ದ. ಬೆಳಿಗ್ಗೆ ಕೋಟೆ ಗುಡ್ಡದ ಕಡೆ ನಡೆಯುತ್ತಿದ್ದ. ತೂಕ ಇಳಿಯತೊಡಗಿತು. ಸಾವಕಾಶವಾಗಿ ಇಳಿಯಿತು, ಆದರೆ ಇಳಿದದ್ದು ಮತ್ತೆ ಏರಲಿಲ್ಲ. ಪೇಟೆಯವರು ಬಿಡುತ್ತಾರೆಯೇ? “ಭಾಳ ಸೊರಗೀರಲ್ರಿ, ಶುಗರ್ ಬಂತೇನ್?” ಎಂದು ಒಬ್ಬರ ಹಿಂದೆ ಒಬ್ಬರು ಮರುಕ ತೋರಿಸಿದರು. ಅವನು ಖುಷಿಯಿಂದ ಅಕ್ಕನಿಗೆ ಫೋನ್ ಮಾಡಿ, “ಅರ್ಧ ದಾರಿ ಬಂದೀನಕ್ಕಾ! ಇನ್ನ ಸ್ವಲ್ಪ ತಡ್ಕೋ,” ಎಂದ. ಆ ಕಡೆಯಿಂದ ಅವಳು ಹೂಂ ಎಂದಳು ಅಷ್ಟೇ.

ಅದರ ಮುಂದಿನ ಸಲ ಡಯಾಲಿಸಿಸ್‌ಗೆ ಬಂದಾಗ ಚನ್ನಬಸಮ್ಮ ಒಂದು ಸ್ಟೀಲ್ ಡಬ್ಬಿ ತಂದಳು. ಡಬ್ಬಿಯ ತುಂಬ ಶೇಂಗಾ ಹೋಳಿಗೆ. ಅದರ ಮುಂದಿನ ಸಲ ತುಪ್ಪ ಸುರಿದ ಮಾದಲಿ. ಆಮೇಲೆ ಬೇಸನ್ ಉಂಡೆ. ಆಸ್ಪತ್ರೆಯಿಂದ ನೇರವಾಗಿ ತಮ್ಮನ ಮನೆಗೆ ಬಂದು, ಗೋಡೆಗೆ ಒರಗಿ ಕೂತು, ಡಬ್ಬಿಯ ಮುಚ್ಚಳ ತೆಗೆಯುವಳು. ಅವಳಿಗೋ ಉಪ್ಪಿಲ್ಲ, ಹುಳಿಯಿಲ್ಲ, ಬೇಕಾದಷ್ಟು ನೀರು ಕೂಡ ಕುಡಿಯುವ ಹಾಗಿಲ್ಲ.

“ನಾನಂತೂ ತಿನ್ನಂಗಿಲ್ಲ. ನೀ ತಿನ್ನು, ನಾ ನೋಡ್ತೀನಿ. ನೋಡಿದ್ರ ನನಗ ಹೊಟ್ಟಿ ತುಂಬತೈತಿ,” ಅನ್ನುವಳು.

ಈ ಮಾತಿಗೆ ಬೇಡ ಎನ್ನುವ ತಮ್ಮ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಅಕ್ಕ ನೋಡುತ್ತಾ ಕೂತಿದ್ದರೆ ಪ್ರಭುಲಿಂಗ ಕಣ್ಣು ತುಂಬಿಕೊಂಡು ತಿನ್ನುತ್ತಿದ್ದ. ಚೈತ್ರಾಳಿಗೆ ಹೇಳಲು ನಾಚಿಕೆಯಾಗಿ ಹೇಳಲಿಲ್ಲ. ಬೆಂಗಳೂರಿನಲ್ಲಿ ಮತ್ತೆ ತೂಕ ನೋಡಿದಾಗ ಮುಳ್ಳು ಮೇಲೆ ಹೋಗಿತ್ತು. ಡಾಕ್ಟರು ಫೈಲು ಮುಚ್ಚಿಟ್ಟರು. “ಅವರ ಹಾರ್ಟ್ ಇನ್ನಷ್ಟು ವೀಕ್ ಆಗಿದೆ. ಮುಂದಿನ ಸಲವೂ ಹೀಗೇ ಬಂದ್ರೆ, ನೀವು ಕೊಡ್ತೀನಂದ್ರೂ ಅವರು ತಗೊಳ್ಳೋ ಸ್ಥಿತಿಯಲ್ಲಿ ಇರೋದಿಲ್ಲ,” ಎಂದರು. ಬರುವ ದಾರಿಯುದ್ದಕ್ಕೂ ಪ್ರಭುಲಿಂಗ ತನ್ನ ನಾಲಿಗೆಗೆ ಶಾಪ ಹಾಕಿಕೊಂಡ.

ಎರಡು ದಿನ ಬಿಟ್ಟು ತಿಪ್ಪೇರುದ್ರಪ್ಪ ಬ್ರೂಸ್‌ಪೇಟೆಯ ಅಂಗಡಿಗೆ ಒಬ್ಬನೇ ಬಂದ. ವರ್ಷಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ಜಿಪ್ಪಿನ ಬಂಡಲುಗಳ ನಡುವೆ ಕೂತು, ಕೊಟ್ಟ ಚಹಾ ಕುಡಿದು ಲೋಟ ಕೆಳಗಿಟ್ಟ.

“ಪ್ರಭೂ, ನಿಮ್ಮಕ್ಕನ ಡಬ್ಬಿ ತಿನ್ನಬ್ಯಾಡ.”

“ಪ್ರೀತಿಲೆ ತರ್ತಾಳ್ರಿ ಮಾವ. ಹೆಂಗ ಬ್ಯಾಡನ್ಲಿ?”

“ಪ್ರೀತಿ ಹೌದು. ನೀ ತಿಳ್ಕಂಡಂಥಾದ್ದಲ್ಲ.” ಹತ್ತಿರ ಸರಿದು ಹೇಳಿದ: “ಅರ್ಧ ದಾರಿ ಬಂದೀನಿ ಅಂತ ನೀ ಫೋನ್ ಮಾಡಿದ್ಯಲ್ಲ, ಅವತ್ತು ಆಕಿ ಉಣ್ಣಲಿಲ್ಲ. ಮರುದಿನ ಶೇಂಗಾ, ಬೆಲ್ಲ, ತುಪ್ಪ ತರಿಸಿದ್ಲು. ಕೈ ನಡಗ್ತಾವ, ಆದ್ರೂ ಹೋಳಿಗಿ ಬಡೀತಾಳ. ಯಾಕ ಅಂತ ಕೇಳಿದೆ. ‘ಅವನ ತೂಕ ಇಳಿಬಾರ್ದು’ ಅಂದ್ಲು.”

ಪ್ರಭುಲಿಂಗನಿಗೆ ಸಿಟ್ಟು ಬಂತು. ಜೀವಮಾನದಲ್ಲಿ ಅಕ್ಕನ ಮೇಲೆ ಅವನಿಗೆ ಸಿಟ್ಟು ಬಂದದ್ದು ಅದೇ ಮೊದಲು. ಅಂಗಡಿಯ ಬಾಗಿಲು ಎಳೆದು, ಮಾವನನ್ನೂ ಕಾರಿಗೆ ಹತ್ತಿಸಿಕೊಂಡು ಸಿರುಗುಪ್ಪಕ್ಕೆ ಹೊರಟ. ದಾರಿಯ ಎರಡೂ ಕಡೆ ಭತ್ತದ ಗದ್ದೆಗಳಿದ್ದವು. ಏನು ಬೈಯಬೇಕು, ಹೇಗೆ ಬೈಯಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡ.

ಕಾರಿನ ಸದ್ದು ಕೇಳಿ ಹೊರಗೆ ಬಂದ ಚನ್ನಬಸಮ್ಮನ ಕಾಲು ಬಾತಿದ್ದವು. ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಹಾಗೇ ಒಳಗೆ ಹೋಗಿ ಗ್ಯಾಸ್ ಹಚ್ಚಿ ಬಾಣಲೆ ಇಟ್ಟಳು. ಪ್ರಭುಲಿಂಗ ಅಡುಗೆಮನೆಗೆ ಬರುವಷ್ಟರಲ್ಲಿ ಕಡಲೆಹಿಟ್ಟು ಕಲಸಿಯಾಗಿತ್ತು. ಜೋಡಿಸಿಕೊಂಡು ಬಂದ ಬೈಗುಳ ಅವನಿಗೆ ಮರೆತುಹೋಯಿತು. ಅವಳು ಕರಿದಳು, ಅವನು ನೆಲದ ಮೇಲೆ ಕೂತು ನೋಡಿದ. ತಾಟಿನಲ್ಲಿ ನಾಲ್ಕು ಮಿರ್ಚಿ ಇಟ್ಟು ಮುಂದಕ್ಕೆ ಸರಿಸಿದಳು.

ಅವನು ಒಂದನ್ನು ತೆಗೆದುಕೊಂಡ. ಅವಸರವಿಲ್ಲದೆ ಪೂರ್ತಿ ತಿಂದ. ತಾಟನ್ನು ವಾಪಸ್ಸು ಸರಿಸಿದ.

“ಇನ್ನೊಂದು ತಿನ್ನೋ.”

“ಒಲ್ಲೆ.”

“ಸೇರಲಿಲ್ಲೇನು?”

“ಭಾಳ ಸೇರ್ತು. ಅಕ್ಕಾ, ಮಾವ ಎಲ್ಲಾ ಹೇಳ್ಯಾರ.” “ನಾ ಹರಕಿ ಹೊತ್ತು ಎಲ್ಲಾ ಬಿಟ್ಟು ಕುಂತಿದ್ರ ನೀನ ಗೆಲ್ತಿದ್ದಿ. ಈ ಒಂದು ಮಿರ್ಚಿಗೇ ನಾ ಮುಗುದುಹೋಗ್ತಿದ್ದೆ. ಈಗ ನಾ ಒಂದು ತಿಂದು ಏಳಾಕ ಕಲ್ತೀನಿ. ಡಬ್ಬಿ ತರ್ತೀಯಾ, ತಾ. ಒಂದು ತಿಂತೀನಿ. ದಿನಾ ಕರಿತೀಯಾ, ಕರಿ. ತೂಕ ಇಳಿಸೇ ಇಳಿಸ್ತೀನಿ. ನಿನ್ನ ಕೈಲೆ ಆಗಂಗಿಲ್ಲ, ಬಿಡು.”

ಚನ್ನಬಸಮ್ಮ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಅವನ ಎದುರು ಕೂತಳು. “ಅವ್ವ ಸಾಯೋ ಮುಂದ ನಿನ್ನ ತಂದು ನನ್ನ ತೊಡಿ ಮ್ಯಾಲೆ ಹಾಕಿದ್ಲು. ‘ಇವನ ಹೊಟ್ಟಿ ನೋಡ್ಕೋ’ ಅಂದ್ಲು. ಮತ್ತೇನೂ ಹೇಳಲಿಲ್ಲ. ಆ ಹೊಟ್ಟೀನ ಕೊಯ್ಸಿ ನಾ ಬದುಕ್ಲೇನೋ? ನಾಳಿ ನಿನಗೇನಾರ ಆತಂದ್ರ ಆಕಿಗೇನು ಹೇಳ್ಲಿ?”

“ನೀ ಹ್ವಾದ್ರ ನಾ ಏನ್ ಹೇಳ್ಲಿ?” ಎಂದ ಪ್ರಭುಲಿಂಗ. “ನಿನ್ನ ಬಿಟ್ರ ನನಗ ‘ಉಣ್ಣೋ’ ಅನ್ನಾಕ ಯಾರದಾರ?”

ಅಷ್ಟು ದೊಡ್ಡ ಗಂಡಸು ಗಳಗಳ ಅಳತೊಡಗಿದ. ತಿಪ್ಪೇರುದ್ರಪ್ಪ ಬಾಗಿಲಲ್ಲಿ ನಿಂತಿದ್ದವನು ಮುಖ ಹೊರಗೆ ತಿರುಗಿಸಿದ. ಎಷ್ಟು ಕಲಿತರೂ ಹಳೆಯ ಚಾಳಿ ಎಲ್ಲಿಗೆ ಹೋಗುತ್ತದೆ? ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ, ಅವನಿಗೇ ಗೊತ್ತಿಲ್ಲದ ಹಾಗೆ, ಅವನ ಕೈ ತಾಟಿನ ಕಡೆ ಹೋಗಿ ಎರಡನೆಯ ಮಿರ್ಚಿಯನ್ನು ಹಿಡಿಯಿತು. ಬಾಯಿಯ ಹತ್ತಿರದವರೆಗೂ ಬಂತು.

ಉಣ್ಣುವವರು ಸಾಕು ಸಾಕು ಎಂದು ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುವ ಜನ ನಮ್ಮವರು. ಉಣ್ಣುವವನಿಗೆ ಬಡಿಸುವವರು ಸಾಕು ಎಂದರೆ ಅದು ಏಳು ಜನ್ಮದ ಪಾಪ. ಚನ್ನಬಸಮ್ಮ ಐವತ್ತೆರಡು ವರ್ಷದಲ್ಲಿ ಒಂದು ಬೆಕ್ಕಿಗೂ ಆ ಮಾತು ಆಡಿದವಳಲ್ಲ. ಅವಳು ತಮ್ಮನ ಮಣಿಕಟ್ಟನ್ನು ಹಿಡಿದುಕೊಂಡಳು. ಮಿರ್ಚಿಯನ್ನು ಅವನ ಬೆರಳುಗಳಿಂದ ಬಿಡಿಸಿ ತಾಟಿಗೆ ಹಾಕಿ, ತಾಟನ್ನು ತನ್ನ ಹಿಂದಕ್ಕೆ ಸರಿಸಿದಳು.

“ಸಾಕೋ,” ಅಂದಳು. “ಇನ್ನ ತೂಕ ಇಳಿಬೇಕಲ್ಲ.”